ಮುಟ್ಟದೆ ತಡೆಯುವ ಬ್ರೇಕು

ಪ್ರಶ್ನೆ: ನಾನು ಬಸ್ ಚಾಲಕ. ಈಗ ಓಡಿಸುತ್ತಿರುವ ಗಾಡಿಯಲ್ಲಿ ಸ್ಟೀರಿಂಗ್ ಪಕ್ಕ ರಿಟಾರ್ಡರ್ ಲಿವರ್ ಇದೆ. ಅದು ಆಯಸ್ಕಾಂತದ ಬ್ರೇಕು, ಒಳಗೆ ಏನೂ ಉಜ್ಜುವುದಿಲ್ಲ ಎನ್ನುತ್ತಾರೆ. ಏನೂ ಮುಟ್ಟದೆ ಗಾಡಿ ಹೇಗೆ ನಿಧಾನವಾಗುತ್ತದೆ? ಅಷ್ಟು ಒಳ್ಳೇದಾದರೆ ಕಾಲಿನ ಬ್ರೇಕ್ ಯಾಕೆ ಬೇಕು?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಬಹಳ ಜನ ಕೇಳಬೇಕಾದದ್ದು, ಕೇಳುವುದಿಲ್ಲ. ಮೊದಲನೆಯದನ್ನು ಮುಗಿಸಿ ಅದಕ್ಕೆ ಬರುತ್ತೇನೆ.

ಗಾಡಿ ಆರಿದ ಮೇಲೆ ಕೆಳಗೆ ಬಗ್ಗಿ ನೋಡಿ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟಿನ ದಾರಿಯಲ್ಲಿ ಒಂದು ದಪ್ಪ, ಗುಂಡನೆಯ ಸಾಮಾನು ಕಾಣುತ್ತದೆ. ನಡುವೆ ತಂತಿ ಸುತ್ತಿದ ಕಾಯಿಲ್‌ಗಳು. ಅವು ತಿರುಗುವುದಿಲ್ಲ. ಎರಡೂ ಪಕ್ಕ ಶಾಫ್ಟಿನ ಜೊತೆ ತಿರುಗುವ ಉಕ್ಕಿನ ತಟ್ಟೆಗಳು. ಕಾಯಿಲ್‌ಗೂ ತಟ್ಟೆಗೂ ನಡುವೆ ಒಂದು ಸಣ್ಣ ಸಂದು, ಅಷ್ಟೇ.

ಲಿವರ್ ಎಳೆದರೆ ಬ್ಯಾಟರಿಯ ಕರೆಂಟ್ ಕಾಯಿಲ್‌ಗಳಿಗೆ ಹರಿದು ಅವು ಆಯಸ್ಕಾಂತಗಳಾಗುತ್ತವೆ. ಒಂದೊಂದು ಹಂತ ಎಳೆದಂತೆ ಇನ್ನಷ್ಟು ಕಾಯಿಲ್ ಸೇರಿಕೊಳ್ಳುತ್ತವೆ. ಆಯಸ್ಕಾಂತದ ಮುಂದೆ ಲೋಹ ಓಡಿದರೆ ಆ ಲೋಹದೊಳಗೇ ಕರೆಂಟ್ ಹುಟ್ಟುತ್ತದೆ. ಹರಿದು ಹೋಗಲು ಅದಕ್ಕೆ ತಂತಿ ಇಲ್ಲವಲ್ಲ, ಹೊಳೆಯ ಸುಳಿಯ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಸುಳಿ ವಿದ್ಯುತ್ ಎನ್ನುವುದು ಅದಕ್ಕೇ. ಈ ಸುಳಿಗಳಿಗೂ ಆಯಸ್ಕಾಂತದ ಗುಣ ಬರುತ್ತದೆ. ತಮ್ಮನ್ನು ಹುಟ್ಟಿಸಿದ ಓಟಕ್ಕೇ ಅವು ಅಡ್ಡ ನಿಲ್ಲುತ್ತವೆ. ವಿಜ್ಞಾನಿ ಲೆನ್ಸ್ 1834ರಲ್ಲಿ ಹೇಳಿದ ನಿಯಮ ಇದೇ.

ಆಯಸ್ಕಾಂತ ಉಕ್ಕಿಗೆ ಅಂಟುತ್ತದಲ್ಲ, ಅದೇ ಎಳೆತ ಇರಬೇಕು ಎಂದುಕೊಳ್ಳಬೇಡಿ. ನಾನೂ ವರ್ಷಗಟ್ಟಲೆ ಹಾಗೇ ತಿಳಿದಿದ್ದೆ. ಒಂದು ದಪ್ಪ ತಾಮ್ರದ ಪೈಪನ್ನು ನೆಟ್ಟಗೆ ಹಿಡಿದು, ಒಳಗೆ ನಿಯೋಡಿಮಿಯಮ್ ಎಂಬ ಲೋಹ ಬೆರೆತ ಒಂದು ಬಲವಾದ ಆಯಸ್ಕಾಂತ ಬಿಡಿ. ತಾಮ್ರಕ್ಕೆ ಆಯಸ್ಕಾಂತ ಅಂಟುವುದೇ ಇಲ್ಲ. ಆದರೂ ಅದು ಜೇನಿನೊಳಗೆ ಬಿಟ್ಟ ಗುಂಡಿನಂತೆ ಆರಾಮಾಗಿ ಇಳಿಯುತ್ತದೆ.

ಇನ್ನು ಬಿಸಿಯ ವಿಚಾರ. ತಾಮ್ರದ ತಟ್ಟೆಯನ್ನು ಆಯಸ್ಕಾಂತದ ಎರಡು ತುದಿಗಳ ನಡುವೆ ತಿರುಗಿಸಿದರೆ ಅದು ತಡವರಿಸುತ್ತದೆ, ಕಾಯುತ್ತದೆ ಎಂದು ಫ್ರೆಂಚ್ ವಿಜ್ಞಾನಿ ಫೂಕೋ 1855ರಲ್ಲೇ ತೋರಿಸಿದ್ದರು. ನನಗೆ ಅದನ್ನು ಓದುವ ಮೊದಲೇ ಅಂಗೈ ಕಲಿಸಿತು. ಗ್ಯಾರೇಜಿಗೆ ಸೇರಿದ ಹೊಸದು. ಬೆಟ್ಟ ಇಳಿದು ಬಂದ ಬಸ್ಸಿನ ಕೆಳಗೆ ನುಗ್ಗಿದೆ. ಉಜ್ಜದ ಬ್ರೇಕು, ತಣ್ಣಗಿರುತ್ತದೆ ಎಂಬ ಧೈರ್ಯದಲ್ಲಿ ತಟ್ಟೆ ಹಿಡಿದೆ. ಕೈಗವಸು ಅದಕ್ಕೇ ಅಂಟಿಕೊಂಡು ಉಳಿಯಿತು. ಗುರುತು ಈಗಲೂ ಇದೆ.

ಆಮೇಲೆ ಲೆಕ್ಕ ಹಾಕಿ ನೋಡಿದೆ. 16 ಟನ್ ತೂಕದ ಬಸ್ಸು ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 22 ಲಕ್ಷ ಜೂಲ್ ಶಕ್ತಿ ಹೊರಬೀಳಬೇಕು. ಅಷ್ಟರಲ್ಲಿ ಏಳು ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಇದು ಒಂದು ಸಲ ನಿಲ್ಲುವುದಕ್ಕೆ. ಅದೇ ಬಸ್ಸು 70 ಮೀಟರ್ ಎತ್ತರದಿಂದ ಕೆಳಗಿಳಿದರೆ 35 ಲೀಟರ್! ಉಜ್ಜಿದರೂ ಅಷ್ಟೇ, ಉಜ್ಜದಿದ್ದರೂ ಅಷ್ಟೇ, ಆ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಅದಕ್ಕೇ ತಟ್ಟೆಗಳಿಗೆ ಫ್ಯಾನಿನಂಥ ರೆಕ್ಕೆ ಮಾಡಿರುತ್ತಾರೆ. ತೀರಾ ಕಾದರೆ ಉಕ್ಕಿನಲ್ಲಿ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ, ಬ್ರೇಕಿನ ಹಿಡಿತವೂ ಇಳಿಯುತ್ತದೆ. ಲಾಭ ಏನೆಂದರೆ ಈ ಬಿಸಿ ನಿಮ್ಮ ಲೈನರ್‌ಗೆ, ಅಂದರೆ ಕಾಲಿನ ಬ್ರೇಕಿನಲ್ಲಿ ಉಜ್ಜುವ ಪಟ್ಟಿಗೆ, ತಗಲುವುದಿಲ್ಲ. ತುರ್ತಿಗೆ ಅದು ತಣ್ಣಗೆ ಸಿದ್ಧವಾಗಿರುತ್ತದೆ.

ಈಗ ಕಾಲಿನ ಬ್ರೇಕ್. ತಟ್ಟೆ ತಿರುಗಿದರೆ ತಾನೇ ಸುಳಿ ವಿದ್ಯುತ್? ವೇಗ ತೀರಾ ಇಳಿದಂತೆ ತಡೆಯೂ ಇಳಿಯುತ್ತದೆ, ಚಕ್ರ ನಿಂತರೆ ಸೊನ್ನೆ. ಇಳಿಜಾರಿನಲ್ಲಿ ರಿಟಾರ್ಡರ್ ಒಂದನ್ನೇ ನಂಬಿದರೆ ಬಸ್ಸು ತೆವಳುತ್ತಲೇ ಇರುತ್ತದೆ. ಅದು ತಡೆಯುತ್ತದೆ, ಹಿಡಿದು ನಿಲ್ಲಿಸುವುದಿಲ್ಲ. ಇನ್ನೊಂದು ಮಾತು: ಅದರ ತಡೆ ಬೀಳುವುದು ಎಂಜಿನ್ ತಿರುಗಿಸುವ ಚಕ್ರಗಳ ಮೇಲೆ ಮಾತ್ರ. ಜಾರುವ ರಸ್ತೆಯಲ್ಲಿ ಒಮ್ಮೆಲೇ ಕೊನೇ ಹಂತಕ್ಕೆ ಎಳೆಯಬೇಡಿ, ಹಿಂಭಾಗ ಜಾರೀತು. ಇಳಿಜಾರು ಶುರುವಾಗುವ ಮೊದಲೇ ಮೆಲ್ಲಗೆ ಎಳೆಯಿರಿ. ಲೈನರ್ ಸುಟ್ಟ ವಾಸನೆ ಬಂದ ಮೇಲೆ ಲಿವರ್ ನೆನಪಾದರೆ ಏನು ಪ್ರಯೋಜನ?

ಅಂದಹಾಗೆ, ಮುಳ್ಳು ಆಡುವ ಹಳೇ ಸ್ಪೀಡೋಮೀಟರಿನಲ್ಲೂ ಇದೇ ಆಟ. ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಕೂತ ಅಲ್ಯುಮಿನಿಯಂ ಬಟ್ಟಲು ಸುಳಿ ವಿದ್ಯುತ್ತಿನಿಂದ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ತಡೆಯುತ್ತದೆ. ಒಟ್ಟೊ ಶುಲ್ಟ್ಸೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಪ್ರಶ್ನೆ: ಲಿಫ್ಟಿನಲ್ಲೂ ವಿದ್ಯುತ್ಕಾಂತದ ಬ್ರೇಕ್ ಇದೆಯಂತೆ. ಕರೆಂಟ್ ಹೋದರೆ ಬ್ರೇಕೂ ಹೋಗುತ್ತದಲ್ವಾ? ಇದೇ ಹೆದರಿಕೆಗೆ ನಮ್ಮಮ್ಮ ನಾಲ್ಕು ಮಹಡಿ ಹತ್ತಿಕೊಂಡೇ ಬರುತ್ತಾರೆ.

ಉತ್ತರ: ಅಮ್ಮನಿಗೆ ಹೇಳಿ, ಅಲ್ಲಿ ಆಯಸ್ಕಾಂತ ಬ್ರೇಕ್ ಹಾಕುವುದಿಲ್ಲ, ಬಿಡಿಸುತ್ತದೆ. ಬ್ರೇಕನ್ನು ಸದಾ ಒತ್ತಿ ಹಿಡಿದಿರುವುದು ಗಟ್ಟಿ ಸ್ಪ್ರಿಂಗುಗಳು. ಲಿಫ್ಟ್ ಹೊರಡುವಾಗ ಕಾಯಿಲ್‌ಗೆ ಕರೆಂಟ್ ಬಂದು ಸ್ಪ್ರಿಂಗನ್ನು ಹಿಂದಕ್ಕೆ ಎಳೆದಾಗ ಮಾತ್ರ ಹಿಡಿತ ಸಡಿಲುತ್ತದೆ. ಕರೆಂಟ್ ಹೋಯಿತೋ, ಸ್ಪ್ರಿಂಗ್ ಗಪ್ಪನೆ ಹಿಡಿಯುತ್ತದೆ. ಭಾರ ಎತ್ತುವ ಕ್ರೇನುಗಳಲ್ಲೂ ಹೀಗೇ. ಒಮ್ಮೆ ನಮ್ಮ ಕ್ರೇನಿನ ಬ್ರೇಕ್ ಕಾಯಿಲ್ ಸುಟ್ಟು, ಬಿಚ್ಚಿದ ಎಂಜಿನ್ ಊಟದ ಹೊತ್ತೆಲ್ಲ ನಡುಗಾಳಿಯಲ್ಲೇ ನೇತಾಡಿತು. ಕೆಲಸ ಕೆಟ್ಟಿತೆಂದು ನಾನು ಬೈಯುತ್ತಿದ್ದೆ. ಮೇಸ್ತ್ರಿ ಮಾತ್ರ ನಕ್ಕರು. ‘ನಿನ್ನ ತಲೆ ಮೇಲೆ ಬೀಳಲಿಲ್ಲವಲ್ಲ, ಸುಮ್ನೆ ಊಟ ಮಾಡು’ ಎಂದರು.

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಸ್ಕೂಟರ್ ಫುಲ್ ಚಾರ್ಜ್ ಆಗಿದ್ದಾಗ, ಆಕ್ಸಿಲರೇಟರ್ ಬಿಟ್ಟರೂ ಎಂದಿನಂತೆ ತಡೆದ ಹಾಗೆ ಆಗುವುದಿಲ್ಲ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಮೋಟಾರು ಡೈನಮೋ ಆಗಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ, ನಿಮಗೆ ಗೊತ್ತಾಗುವ ತಡೆ ಅದೇ. ತುಂಬಿದ ಬ್ಯಾಟರಿಗೆ ಇನ್ನೆಲ್ಲಿ ತುಂಬುವುದು? ಕಂಟ್ರೋಲರ್ ಆ ತಡೆಯನ್ನು ಕಡಿಮೆ ಮಾಡುತ್ತದೆ. ಒಂದಷ್ಟು ಓಡಿಸಿದ ಮೇಲೆ ಮರಳಿ ಬರಬೇಕು. ಬರದಿದ್ದರೆ ತೋರಿಸಿ. ಚಾರ್ಜ್ ಮಾಡಿ ಹೊರಟ ಕೂಡಲೇ ಇಳಿಜಾರು ಸಿಗುವುದಾದರೆ, ಬೆರಳು ಬ್ರೇಕಿನ ಮೇಲೇ ಇರಲಿ.