ತಳೆ ಹಾಕಿ ನಿಂತೇ ಇದ್ದವರು

ಶಿರಸಿ ಸೀಮೆಯ ಒಬ್ಬ ಕೊನೆಗೌಡರ ವಿಷಯ ಇದು. ಕೊನೆಗೌಡರೆಂದರೆ ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊಂಚಲು, ಇಳಿಸುವವರು. ವಯಸ್ಸು ನಲವತ್ತರ ಹತ್ತಿರ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲು ಜೋರಾಗಿದ್ದಾಗ, ಹೆಂಡತಿ ಅವರನ್ನು ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದರು. "ಬುಡಕ್ಕೆ ಹೋಗ್ತಾರೆ, ಕಾಲಿಗೆ ತಳೆ ಹಾಕ್ತಾರೆ, ನಿಂತೇ ಇರ್ತಾರೆ. ಆಮೇಲೆ ಮನೆಗೆ ಬಂದ್ಬಿಡ್ತಾರೆ ಮೇಡಂ." (ತಳೆ ಅಂದರೆ ಮರ ಹತ್ತುವಾಗ ಪಾದಗಳಿಗೆ ಸಿಕ್ಕಿಸಿಕೊಳ್ಳುವ ಹಗ್ಗದ ಬಳೆ.) ಅವರು ಮಾತಾಡಲಿಲ್ಲ. ಅಂಗೈಯನ್ನು ಲುಂಗಿಗೆ ಒರೆಸುತ್ತಲೇ ಇದ್ದರು.

ಮಳೆಗಾಲದಲ್ಲಿ ಜೊತೆಗಾರ ಮರದಿಂದ ಬಿದ್ದಿದ್ದ. ಅಡಿಕೆಯ ಕೊಳೆರೋಗದ ಔಷಧಿಯನ್ನು ಮರ ಹತ್ತಿ ಒಮ್ಮೆ ಮಳೆ ಹಿಡಿಯುವ ಮೊದಲು ಹೊಡೆದರೆ ಮುಗಿಯುವುದಿಲ್ಲ, 40-45 ದಿನ ಬಿಟ್ಟು ಮತ್ತೆ ಹೊಡೆಯಬೇಕು. ಅಷ್ಟರಲ್ಲಿ ಮರವೆಲ್ಲ ಪಾಚಿ ಕಟ್ಟಿ ಜಾರುತ್ತದೆ. ಬೆನ್ನು ಮುರಿದು ಆತ ಹಾಸಿಗೆ ಹಿಡಿದ. "ಆ ಮರ ನಾನು ಹತ್ತಬೇಕಾಗಿತ್ತು" ಎಂದು ಇವರು ಹೇಳಿದ್ದು ಎರಡನೇ ಭೇಟಿಯ ಕೊನೆಗೆ, ಬಾಗಿಲ ಹತ್ತಿರ ನಿಂತು. ರಾತ್ರಿ ಕಣ್ಣು ಮುಚ್ಚಿದರೆ ಧೊಪ್ ಎಂದ ಆ ಸದ್ದು. ಅದಕ್ಕೇ ದಿನಾ ಕ್ವಾರ್ಟರ್.

ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ತಲೆ ಆಡಿಸಿದರು, ಮತ್ತೆ ಬರಲಿಲ್ಲ. ತಪ್ಪು ನನ್ನದೇ. ಹೆಂಡತಿ ಒಬ್ಬರೇ ಬಂದಾಗ ಗೊತ್ತಾಯಿತು: ತೋಟದವರ ಹತ್ತಿರ ಮುಂಗಡ ತಗೊಂಡಾಗಿದೆ, ಮಗಳ ಫೀಸು ಕಟ್ಟಿಯೂ ಆಗಿದೆ. ಹತ್ತದಿದ್ದರೆ ಸಾಲ, ಹತ್ತಿದರೆ ಸಾವು ಅನ್ನುವ ಹೆದರಿಕೆ. ಈಕೆ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಇಂಥ ಮನೆಯಲ್ಲಿ 'ದೀರ್ಘವಾಗಿ ಉಸಿರು ತಗೊಳ್ಳಿ' ಅಂದರೆ ಯಾರಿಗೆ ತಾನೇ ಹಿಡಿಸೀತು?

ಹಾಗಾಗಿ ದುಡ್ಡಿನಿಂದಲೇ ಶುರುಮಾಡಿದೆವು. ಗಂಡನ ಒಪ್ಪಿಗೆ ಪಡೆದು ತೋಟದವರನ್ನು ಕರೆಸಿದೆ. "ಸೋಂಬೇರಿ ಆಗಿದ್ದಾನೆ" ಎಂದೇ ಮಾತು ಶುರುವಾಯಿತು. ಬಿದ್ದದ್ದನ್ನು ಕಣ್ಣಾರೆ ಕಂಡವರಿಗೆ ಹೀಗಾಗುತ್ತದೆ, ಇದು ಮೈಗಳ್ಳತನವಲ್ಲ ಎಂದು ವಿವರಿಸಿದೆ. ತೋಟದವರ ಮನೆಯಲ್ಲಿ ಫೈಬರ್ ದೋಟಿ (ತುದಿಗೆ ಕತ್ತಿ ಇರುವ ಉದ್ದ ಗಳ) ಸುಮ್ನೆ ಬಿದ್ದಿತ್ತು, ಹಿಡಿಯುವವರಿಲ್ಲದೆ. ಈ ವರ್ಷ ನೆಲದ ಮೇಲೇ ನಿಂತು ದೋಟಿಯಲ್ಲಿ ಕೊನೆ ಇಳಿಸುವುದು, ಮುಂಗಡವನ್ನು ಎರಡು ಕೊಯ್ಲಿಗೆ ಹಂಚಿ ತೀರಿಸುವುದು ಎಂದಾಯಿತು.

ನಾಲ್ಕು ತಿಂಗಳು ದಾಟಿದ ತೊಂದರೆ, ನನ್ನೊಬ್ಬಳ ಕೈಲಿ ಆಗುವಂಥದ್ದಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಕಳಿಸಿದೆ. ಕುಡಿತವನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ದಿನಾ ಕುಡಿಯುವವರಿಗೆ ಅದು ಅಪಾಯ, ವೈದ್ಯರಿಗೆ ಹೇಳಿಯೇ ಬಿಡಿ ಎಂದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮರಕ್ಕೆ ಹೆದರದಿರಲು ವಾರಕ್ಕೊಂದು ಚಿಕ್ಕ ಹೆಜ್ಜೆ: ಮೊದಲು ಬುಡದಲ್ಲಿ ಕೂತು ಚಹಾ ಕುಡಿಯುವುದು, ಅಷ್ಟೇ. ಮತ್ತೆ ಹತ್ತಲೇಬೇಕೆಂಬ ಹಟ ನನಗೂ ಇರಲಿಲ್ಲ.

ಇನ್ನೊಂದು ಚೂರು ಕೆಲಸ ಬಾಕಿ ಇತ್ತು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ, ಅಪಘಾತದಲ್ಲಿ ಸತ್ತರೆ 2 ಲಕ್ಷ ಕೊಡುವಂಥದ್ದು. ಅದರ ಹೊಸ ವರ್ಷ ಜೂನ್ 1ಕ್ಕೆ ಶುರು, ಔಷಧಿ ಹೊಡೆಯುವ ಕಾಲಕ್ಕೇ. ಜೊತೆಗಾರನ ಖಾತೆಯಲ್ಲಿ ಮೇ ಕೊನೆಗೆ ಆ 20 ರೂಪಾಯಿಯೂ ಇರಲಿಲ್ಲವಂತೆ. ಇವರ ಪಾಸ್‌ಬುಕ್ ತರಿಸಿ ನೋಡಿದೆ. ಇವರದ್ದೂ ಕಡಿತವಾಗಿರಲಿಲ್ಲ.

ಫೆಬ್ರವರಿಯಲ್ಲಿ ಒಬ್ಬರೇ ಬಂದರು. ನಿದ್ದೆ ಪರವಾಗಿಲ್ಲವಂತೆ. ಬಿದ್ದ ಗೆಳೆಯನ ಮನೆಗೂ ಹೋಗಿ ಬಂದಿದ್ದರು. ಅಲ್ಲಿ ಏನು ಮಾತಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೊರಡುವಾಗ ಕತ್ತು ತಿಕ್ಕಿಕೊಳ್ಳುತ್ತ ಅಂದರು: "ದಿನಾ ಮೇಲೆ ನೋಡಿ ನೋಡಿ ಕುತ್ತಿಗೆ ಹೋಯ್ತು ಮೇಡಂ. ಇದಕ್ಕೆಂತ ಮಾಡೂದು?"