ಕಟ್ಟಿದ ಮೇಲೂ ಬಾಕಿ ಯಾಕೆ ಕಾಣುತ್ತದೆ?

"ಪ್ರತಿ ತಿಂಗಳೂ ಕೊನೇ ದಿನಕ್ಕೆ ಮೊದಲೇ ಕ್ರೆಡಿಟ್ ಕಾರ್ಡ್ ಬಿಲ್ ಪೂರ್ತಿ ಕಟ್ಟುತ್ತೇನೆ. ಆದರೂ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ 82,000 ಬಾಕಿ ಅಂತಿದೆ, ಸ್ಕೋರೂ ಇಳಿದಿದೆ. ಬ್ಯಾಂಕ್ ತಪ್ಪು ಮಾಹಿತಿ ಕಳಿಸಿದೆಯಾ?" ಓದುಗರೊಬ್ಬರ ಪ್ರಶ್ನೆ. ಅವರ ಕಾರ್ಡಿನ ಮಿತಿ 1 ಲಕ್ಷವಂತೆ.

ಬಹುಶಃ ಯಾರೂ ತಪ್ಪು ಮಾಡಿಲ್ಲ. ಕಾರ್ಡಿಗೆ ಎರಡು ದಿನಾಂಕ ಇರುತ್ತವೆ ಅಲ್ವಾ, ಸ್ಟೇಟ್‌ಮೆಂಟ್ ತಯಾರಾಗುವ ದಿನ ಮತ್ತು ಹಣ ಕಟ್ಟಲು ಕೊನೇ ದಿನ. ನಮಗೆಲ್ಲ ನೆನಪಿರುವುದು ಎರಡನೆಯದು, ದಂಡ ಬೀಳುವುದು ಅದಕ್ಕೇ ತಾನೇ! ಆದರೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಥರದ ಬ್ಯೂರೋಗಳಿಗೆ, ಅಂದರೆ ನಮ್ಮ ಸಾಲದ ಲೆಕ್ಕ ಇಟ್ಟು ಕ್ರೆಡಿಟ್ ರಿಪೋರ್ಟ್ ಕೊಡುವ ಸಂಸ್ಥೆಗಳಿಗೆ, ಸಾಮಾನ್ಯವಾಗಿ ಹೋಗುವುದು ಸ್ಟೇಟ್‌ಮೆಂಟ್ ಹೊತ್ತಿನ ಬಾಕಿ. ನಿಮ್ಮ ಸ್ಟೇಟ್‌ಮೆಂಟ್ 5ನೇ ತಾರೀಕು, ಕೊನೇ ದಿನ 25 ಅಂದುಕೊಳ್ಳಿ. 5ಕ್ಕೆ 82,000 ಇತ್ತು, ಅದೇ ಹೋಯಿತು. 20ಕ್ಕೆ ನೀವು ಪೂರ್ತಿ ಕಟ್ಟಿದಿರಿ, ಬಡ್ಡಿ ಸೊನ್ನೆ, ಆದರೂ ಬ್ಯಾಂಕಿನಿಂದ ಮುಂದಿನ ವರದಿ ಬರುವ ತನಕ ಬ್ಯೂರೋದ ಕಡತದಲ್ಲಿ ಆ 82,000 ಅಲ್ಲಾಡದೆ ಕೂತಿರುತ್ತದೆ. ಮಿತಿಯ 82% ಬಳಸಿದ ಮನುಷ್ಯ ಅಂದ್ರೆ ಸಾಲ ಕೊಡುವವರಿಗೆ ಸ್ವಲ್ಪ ದಿಗಿಲು. ಅಮೆರಿಕದ ಫೈಕೊ ಸ್ಕೋರನ್ನೇ ನೋಡಿ: ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ 35% ತೂಕ, ಬಾಕಿ ಎಷ್ಟಿದೆ ಅನ್ನುವುದಕ್ಕೆ 30%. ಮೊದಲನೆಯದರಲ್ಲಿ ನೀವು ಪಾಸು, ಪೆಟ್ಟು ಬಿದ್ದಿರುವುದು ಎರಡನೆಯದರಲ್ಲಿ.

ಉಪಾಯ ಸುಲಭ. ಸ್ಟೇಟ್‌ಮೆಂಟಿಗೆ ಮೂರ್ನಾಲ್ಕು ದಿನ ಮುಂಚೆ, ಅಂದರೆ 1ನೇ ತಾರೀಕಿನ ಸುಮಾರಿಗೆ, ದೊಡ್ಡ ಪಾಲು ಕಟ್ಟಿಬಿಡಿ. ಹಾಗಂತ ಪ್ರತಿ ತಿಂಗಳೂ ಸುಮ್ನೆ ಈ ಸರ್ಕಸ್ ಬೇಡ, ಸಾಲಕ್ಕೆ ಅರ್ಜಿ ಹಾಕುವ ಮುಂಚಿನ ಒಂದೆರಡು ತಿಂಗಳು ಮಾಡಿದರೆ ಸಾಕು. ಹಳೇ ಮಾದರಿಯ ಸ್ಕೋರುಗಳು ಹೋದ ತಿಂಗಳ ಬಾಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಫೈಕೊ 10ಟಿ, ವ್ಯಾಂಟೇಜ್‌ಸ್ಕೋರ್ 4.0 ಥರದ ಹೊಸವು ಹಿಂದಿನ ತಿಂಗಳುಗಳನ್ನೂ ನೋಡುತ್ತವೆ, ಹಾಗಾಗಿ ಯಾವಾಗಲೂ ಮಿತಿ ಮುಟ್ಟುವ ತನಕ ಕಾರ್ಡ್ ಉಜ್ಜುವ ಚಟ ಒಳ್ಳೆಯದಲ್ಲ.

ನೀವು ಏನು ಕೊಂಡಿರಿ, ಎಲ್ಲಿ ಕೊಂಡಿರಿ ಅನ್ನುವುದು ಬ್ಯೂರೋಗೆ ಹೋಗುವುದಿಲ್ಲ. ಮಿತಿ, ಬಾಕಿ, ಕಟ್ಟಿದ್ದು ತಡವಾಯಿತಾ, ಖಾತೆ ತೆರೆದದ್ದು ಯಾವಾಗ, ಇಂಥವೇ ಹೋಗುವುದು. ಇನ್ನೊಂದು ತಮಾಷೆ: ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದವರೂ ಅಲ್ಲಿ "ಸಕಾಲಕ್ಕೆ ಕಟ್ಟಿದವರು". ಬಡ್ಡಿ ಅವರ ಜೇಬು ಖಾಲಿ ಮಾಡುವುದು ಬೇರೆ ಮಾತು.

ಇನ್ನೊಂದು ವರದಿ ಬಂದ ಮೇಲೂ ಅದೇ 82,000 ಇದ್ದರೆ ಮಾತ್ರ ತಪ್ಪಾಗಿದೆ ಅಂತ ಅನುಮಾನ ಪಡಿ. ಆಗ ಪಾವತಿಯ ದಾಖಲೆ, ಹೊಸ ಸ್ಟೇಟ್‌ಮೆಂಟ್ ಎರಡನ್ನೂ ಲಗತ್ತಿಸಿ ಬ್ಯಾಂಕಿಗೂ ಬ್ಯೂರೋಗೂ ಬರೆಯಿರಿ. ಬ್ಯಾಂಕ್ ಒಪ್ಪದೆ ಬ್ಯೂರೋ ತಾನೇ ಅಂಕಿ ತಿದ್ದುವುದು ಕಡಿಮೆ.