ಅಗ್ಗದ ಊರಿನಲ್ಲಿ ಗಿರಾಕಿಯಾಗಿ ಉಳಿದ ರಾಯರು: ಒಂದು ಆಪ್ತಸಲಹೆ ಪ್ರಕರಣ

ಮಡಗಾಂವ್‌ನಲ್ಲಿ ನನ್ನ ಹತ್ತಿರ ಬರುವವರಲ್ಲಿ ಹೊರದೇಶದಿಂದ ನಿವೃತ್ತರಾಗಿ ಬಂದವರೂ ಇರುತ್ತಾರೆ. ಇದು ಅಂಥ ಒಂದು ಕನ್ನಡ ದಂಪತಿಯ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಯಸ್ಸು, ಕೆಲಸ, ಹಳ್ಳಿ ಬದಲಿಸಿದ್ದೇನೆ. ಗಂಡನನ್ನು ರಾಯರು ಎನ್ನುತ್ತೇನೆ. ಹೆಂಡತಿಯನ್ನು ಅಕ್ಕ ಎನ್ನುತ್ತೇನೆ. ಎದುರಿಗೂ ನಾನು ಹಾಗೇ ಕರೆಯುತ್ತಿದ್ದೆ.

ರಾಯರು ಧಾರವಾಡದವರು, 68 ವರ್ಷ. ಅಕ್ಕ ಶಿರಸಿ ಕಡೆಯವರು, 64. ಮೂರು ದಶಕಕ್ಕೂ ಜಾಸ್ತಿ ಇಂಗ್ಲೆಂಡಿನಲ್ಲಿದ್ದರು. ರಾಯರು ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಅಕ್ಕ ಒಂದು ಶಾಲೆಯ ಗ್ರಂಥಾಲಯದಲ್ಲಿದ್ದರು. ಅಕ್ಕನ ಮಂಡಿನೋವು ಚಳಿಗಾಲದಲ್ಲಿ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮನೆ ಬೆಚ್ಚಗಿಡುವ ಖರ್ಚು ಬೇರೆ. ರಜೆಯಲ್ಲಿ ಆಗಾಗ ಬಂದು ನೋಡಿದ್ದ ಗೋವಾ ಅವರ ಮನಸ್ಸಿನಲ್ಲಿ ಕೂತಿತ್ತು. ಬಿಸಿಲು ಇದೆ, ಖರ್ಚು ಕಡಿಮೆ. ಧಾರವಾಡ ಬೇಕೆಂದಾಗ ಹೋಗುವಷ್ಟು ಹತ್ತಿರ, ನೆಂಟರು ದಿನಾ ಬಂದು ಪಂಚಾಯಿತಿ ಮಾಡದಷ್ಟು ದೂರ. ಸಾಸಷ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ಫ್ಲ್ಯಾಟ್ ಕೊಂಡು 2023ರ ನವೆಂಬರಿನಲ್ಲಿ ಬಂದರು. ಇಂಗ್ಲೆಂಡಿನ ಮನೆಯನ್ನು ಬಾಡಿಗೆಗೆ ಕೊಟ್ಟರು. ಮಗ, ಸೊಸೆ, ಮೊಮ್ಮಗಳು ಅಲ್ಲೇ ಇದ್ದಾರೆ.

ನನ್ನ ಹತ್ತಿರ ಬಂದಿದ್ದು ಮುಂದಿನ ಜುಲೈನಲ್ಲಿ. ಅಕ್ಕನೇ ಕರೆತಂದಿದ್ದರು. ರಾಯರಿಗೆ ರಾತ್ರಿ ನಿದ್ದೆ ಇಲ್ಲ, ಹಗಲೆಲ್ಲ ಸಿಟ್ಟು. ಅಂಗಡಿಯವನ ಜೊತೆ, ಸೊಸೈಟಿ ಸೆಕ್ರೆಟರಿ ಜೊತೆ, ಪ್ಲಂಬರ್ ಜೊತೆ ಜಗಳ. ಫ್ಲ್ಯಾಟ್ ಮಾರಿ ವಾಪಸ್ ಹೋಗೋಣ ಎಂದು ಪಟ್ಟು ಹಿಡಿದಿದ್ದರು.

"ಎಲ್ಲಾರೂ ರೊಕ್ಕ ಕೀಳ್ಲಿಕ್ಕೆ ನಿಂತಾರ್ರಿ. ಹೇಳಿದ ಟೈಮಿಗೆ ಒಬ್ಬನೂ ಬರೂದಿಲ್ಲ" ಎಂದರು ರಾಯರು.

"ಇವರು ಬೈದು ಬಂದ ಕಡೆಗೆಲ್ಲ ಸಂಜೆ ನಾನು ಹೋಗಿ ನಕ್ಕು ಬರಬೇಕು" ಎಂದರು ಅಕ್ಕ.

ಈ ವಯಸ್ಸಿನಲ್ಲಿ ನಿದ್ದೆ, ಸಿಟ್ಟು, ಬೇಸರ ಎಂದ ಕೂಡಲೇ ಮಾತಿನಿಂದ ಶುರು ಮಾಡುವುದು ಸರಿಯಲ್ಲ. ಮೊದಲು ದೇಹ ನೋಡಬೇಕು. ಹಿರಿಯರ ಖಿನ್ನತೆ ಅಳೆಯಲು 15 ಪ್ರಶ್ನೆಗಳ ಒಂದು ಪಟ್ಟಿ ಬಳಕೆಯಲ್ಲಿದೆ. ಅದನ್ನು ಕೇಳಿದೆ. ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸಿ ಎಂದು ವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಬಿ12 ಕಡಿಮೆ ಇತ್ತು, ವೈದ್ಯರು ಅದಕ್ಕೆ ಚಿಕಿತ್ಸೆ ಕೊಟ್ಟರು. ಖಿನ್ನತೆ ಸ್ವಲ್ಪ ಇತ್ತು, ಔಷಧಿ ಬೇಕಾಗುವಷ್ಟು ಇರಲಿಲ್ಲ. ಮನೋವೈದ್ಯರೂ ನೋಡಿ ಹಾಗೇ ಹೇಳಿದರು.

ಹೊಸ ದೇಶಕ್ಕೆ ಹೋದವರ ಮನಸ್ಸು ಹೇಗೆ ಏಳುಬೀಳು ಕಾಣುತ್ತದೆ ಎಂದು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಒಂದು ಭಾಷಣ ಮಾಡಿದ್ದರು. ಕಲ್ಚರ್ ಶಾಕ್ ಎಂಬ ಮಾತು ಎಲ್ಲರ ಬಾಯಿಗೆ ಬಂದಿದ್ದು ಹೆಚ್ಚಾಗಿ ಅವರಿಂದ. ಮೊದಲ ಹಂತದಲ್ಲಿ ಎಲ್ಲವೂ ಚೆಂದ. ಅದು ಕೆಲವು ದಿನಗಳಿಂದ ಆರು ತಿಂಗಳವರೆಗೆ ಇರಬಹುದು. ಆಮೇಲೆ ಊರಿನ ಮೇಲೇ ಸಿಟ್ಟು ಬರುತ್ತದೆ, ತಮ್ಮಂತೆ ಬಂದವರ ಜೊತೆ ಕೂತು ಊರನ್ನು ಬೈಯುವುದು ಶುರುವಾಗುತ್ತದೆ. ನವೆಂಬರಿನಿಂದ ಮೇ ಎಂದರೆ ರಾಯರಿಗೆ ಆರು ತಿಂಗಳು. ಆಮೇಲೆ ಮಳೆ ಹಿಡಿಯಿತು.

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಬೀಚಿನ ಶ್ಯಾಕ್‌ಗಳನ್ನು, ಅಂದರೆ ತಾತ್ಕಾಲಿಕ ಹೋಟೆಲುಗಳನ್ನು, ಬಿಚ್ಚಿಡುತ್ತಾರೆ. ಡಿಸೆಂಬರಿನ ಗೆಳೆಯರೆಲ್ಲ ತಮ್ಮ ತಮ್ಮ ದೇಶಕ್ಕೆ ಹೋಗಿರುತ್ತಾರೆ. ಗೋಡೆಗೆ ಪಾಚಿ, ಚಪ್ಪಲಿಗೆ ಬೂಷ್ಟು, ಗಂಟೆಗಟ್ಟಲೆ ಕರೆಂಟ್ ಇಲ್ಲ. ಶಿರಸಿಯಲ್ಲಿ ಬೆಳೆದ ಅಕ್ಕನಿಗೆ ಇದು ಹೊಸದೇನಲ್ಲ. ಮೇ ತಿಂಗಳಲ್ಲೇ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸಿನ ಜೊತೆ ಪುರುಮೆಂತ್ ಸಂತೆಗೆ ಹೋಗಿ ಒಣಮೆಣಸು, ಈರುಳ್ಳಿ, ಕೋಕಂ ತಂದಿಟ್ಟಿದ್ದರು. ಮಳೆಗಾಲಕ್ಕೆ ಮುಂಚೆ ಗೋವಾದ ಮನೆಗಳಲ್ಲಿ ಸಾಮಾನು ತುಂಬಿಡುವ ಪದ್ಧತಿ ಅದು. ಅಮ್ಮ ಮುರುಗಲು ಒಣಗಿಸಿ, ಹಪ್ಪಳ ಸಂಡಿಗೆ ಮಾಡಿ ಡಬ್ಬ ತುಂಬಿಸುತ್ತಿದ್ದಂತೆಯೇ ಆಯಿತು ಎಂದು ಅಕ್ಕ ಖುಷಿಯಿಂದ ಹೇಳಿದರು. ರಾಯರು ಆಗ ಕಿಟಕಿ ಕಡೆ ನೋಡುತ್ತಿದ್ದರು.

ಊರನ್ನು ಬೈಯುವವರ ಮುಂದೆ ನಾನು ಊರಿನ ಪರ ವಾದ ಮಾಡುವುದಿಲ್ಲ. ಅವರ ಅರ್ಧ ದೂರು ನಿಜವೇ ಆಗಿರುತ್ತದೆ. ಆದರೆ ಇನ್ನರ್ಧ ಊರಿನದಲ್ಲ, ನಿವೃತ್ತಿಯದು. ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಮನೋವೈದ್ಯರು 1967ರಲ್ಲಿ ಬದುಕಿನ ಏರುಪೇರುಗಳಿಗೆ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100, ನಿವೃತ್ತಿಗೆ 45, ಮನೆ ಬದಲಿಸುವುದಕ್ಕೆ 20. ಜನ ಊರು ಬದಲಿಸಿದ್ದನ್ನು ದೊಡ್ಡದು ಮಾಡಿಕೊಂಡು, ಕೆಲಸ ಹೋದದ್ದನ್ನು ಮರೆಯುತ್ತಾರೆ. ಯಂತ್ರ ಕೆಟ್ಟರೆ ಆಪರೇಷನ್ ಥಿಯೇಟರಿನಿಂದ ರಾಯರಿಗೇ ಫೋನ್ ಬರುತ್ತಿತ್ತು. ಈಗ ಯಾರೂ ಫೋನ್ ಮಾಡುವುದಿಲ್ಲ. ಇದನ್ನು ಹೇಳಿದಾಗ ಅವರು ಒಪ್ಪಿದರು, ಆದರೆ ಸಿಟ್ಟು ಇಳಿಯಲಿಲ್ಲ. ಬೇರೆ ಏನೋ ಇದೆ ಅನಿಸಿತು.

ಅದು ಸಿಕ್ಕಿದ್ದು ಅವರ ನೋಟ್‌ಬುಕ್ಕಿನಲ್ಲಿ. ಮೋಸ ಹೋದದ್ದಕ್ಕೆ ಸಾಕ್ಷಿ ಎಂದು ಅವರೇ ತಂದಿದ್ದರು. ಎಡಕ್ಕೆ ಕೆಲಸ, ಮುಂದೆ ರೂಪಾಯಿ, ಅದರ ಮುಂದೆ ಪೌಂಡು. ಇನ್ವರ್ಟರ್ ರಿಪೇರಿ, ಟ್ಯಾಂಕ್ ತೊಳೆದದ್ದು, ತೆಂಗಿನಕಾಯಿ, ಕೆಲಸದವಳ ಸಂಬಳ. ಜಾಸ್ತಿ ಕೇಳಿದರು ಅನಿಸಿದ ಕಡೆಯೆಲ್ಲ ಕೆಂಪು ಗೆರೆ. ನಾನು ಒಂದೊಂದೇ ಸಾಲಿಗೆ ಬೆರಳಿಟ್ಟು ಕೇಳಿದೆ: "ಇವರ ಹೆಸರೇನು ರಾಯರೇ?" ಇನ್ವರ್ಟರ್ ಮಾಡಿದವನ ಹೆಸರು ಗೊತ್ತಿಲ್ಲ. ಟ್ಯಾಂಕ್ ತೊಳೆದವನದೂ ಗೊತ್ತಿಲ್ಲ. ದಿನಾ ಮನೆಗೆ ಬರುವ ಹೆಂಗಸಿನ ಹೆಸರಿಗೂ ಅಕ್ಕನ ಮುಖ ನೋಡಿದರು.

ಗೋವಾಕ್ಕೆ ಅಗ್ಗ ಎಂದು ಬಂದವರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬೆಲೆ ನೋಡಿ ಊರನ್ನು ಆರಿಸಿದವರು ಊರಿನ ಪ್ರತಿಯೊಬ್ಬರನ್ನೂ ಬೆಲೆಯಲ್ಲೇ ನೋಡುವುದು ಕಲಿಯುತ್ತಾರೆ. ಅಂಥವರಿಗೆ ಊರಿನ ಜನ ಮಾರುವವರಾಗಿಯೇ ಕಾಣುತ್ತಾರೆ, ನೆರೆಯವರು ಸಿಗುವುದಿಲ್ಲ. ರಾಯರು ಒಳ್ಳೆಯ ಮನುಷ್ಯ. ದುಡ್ಡು ಬಿಡದ ಜಿಪುಣ ಅಲ್ಲವೇ ಅಲ್ಲ. ಆದರೆ ಬಂದ ದಿನದಿಂದ ಅವರು ಗೋವಾದಲ್ಲಿ ಗಿರಾಕಿಯಾಗಿಯೇ ಇದ್ದರು.

ಇನ್ವರ್ಟರ್ ಮಾಡಿದವನು ಗದಗ ಕಡೆಯವನು ಎಂದು ಅಕ್ಕ ಆಗ ಹೇಳಿದರು. ಅವನು ರಾಯರ ಎದುರಿಗೇ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದ್ದಾನೆ. ಅಪ್ಪಟ ರಾಯರ ಮನೆಮಾತು. ರಾಯರು ಮಾತ್ರ ಅವನ ಜೊತೆ ಇಂಗ್ಲಿಷ್, ಅರೆಬರೆ ಹಿಂದಿಯಲ್ಲೇ ಮುಗಿಸಿದರು. ಯಾಕೆ ಎಂದೆ. ಬಹಳ ಹೊತ್ತು ಸುಮ್ಮನಿದ್ದರು.

ಗೋವಾದಲ್ಲಿ ಇರುವ ಕನ್ನಡಿಗರಿಗೆ ಇದರ ಕಾರಣ ಗೊತ್ತು. ವಾಸ್ಕೋ, ಝುವಾರಿನಗರದ ಕಡೆ ದಶಕಗಳಿಂದ ಉತ್ತರ ಕರ್ನಾಟಕದ ಕೂಲಿ ಜನ ಇದ್ದಾರೆ. ಮನೆ ಕಟ್ಟುವವರು, ರಸ್ತೆ ಮಾಡುವವರು, ಮೂಟೆ ಹೊರುವವರು. ಇಲ್ಲಿ ಕೆಲವರ ಬಾಯಲ್ಲಿ ಅವರು ಘಾಂಟಿಗಳು, ಅಂದರೆ ಘಟ್ಟದ ಮೇಲಿನವರು ಎಂಬ ತಾತ್ಸಾರದ ಮಾತು. ಮಹದಾಯಿ ನೀರಿನ ಜಗಳ ಬಂದಾಗ ಆ ಮಾತು ಇನ್ನೂ ಜೋರಾಗುತ್ತದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ರಾಯರು ಅದನ್ನು ಓದಿದ್ದರು. "ನಾನೂ ಅವರ ಪೈಕಿನ ಅಂತ ಗೊತ್ತಾಗೂದು ಬ್ಯಾಡ ಅನಿಸ್ತು" ಎಂದರು. ಆಮೇಲೆ ಅವರೇ ಇಂಗ್ಲೆಂಡಿನ ಮೊದಲ ವರ್ಷಗಳ ಮಾತು ತೆಗೆದರು. ಬಸ್ ಸ್ಟಾಪಿನಲ್ಲಿ ಹುಡುಗರು ಕೂಗಿದ್ದು, ಇವರ ಪಕ್ಕದ ಸೀಟು ಖಾಲಿ ಉಳಿಯುತ್ತಿದ್ದುದು. ಅಲ್ಲಿ ಹೊರಗಿನವರಾಗಿ ಅವಮಾನ ತಿಂದವರು. ಇಲ್ಲಿ ಅದೇ ಅವಮಾನ ತಿನ್ನುವವರಿಂದ ದೂರ ನಿಂತರೆ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದರು.

ಅದರ ಮೇಲೆ ಇನ್ನೊಂದು ಪೆಟ್ಟು. ಇಬ್ಬರಿಗೂ ಬ್ರಿಟಿಷ್ ಪಾಸ್‌ಪೋರ್ಟ್, ಜೊತೆಗೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಓಸಿಐ ಕಾರ್ಡ್. ಆ ಕಾರ್ಡ್ ಇದ್ದರೆ ಬದುಕಿರುವವರೆಗೂ ಇಲ್ಲಿರಬಹುದು, ಫ್ಲ್ಯಾಟ್ ಕೊಳ್ಳಬಹುದು. ಮತ ಹಾಕುವಂತಿಲ್ಲ, ಹೊಲ ತೋಟ ಖರೀದಿಸುವಂತಿಲ್ಲ. ಮಾವಿನ ಸಣ್ಣ ತೋಟ ರಾಯರ ಹಳೆಯ ಆಸೆ. "ನಾ ಹುಟ್ಟಿದ ದೇಶದಾಗ ನನಗ ತೋಟ ತಗೊಳ್ಳಿಕ್ಕೆ ಬರೂದಿಲ್ಲಂತ" ಎನ್ನುವಾಗ ಅವರ ದನಿ ನಡುಗಿತು. ತಮ್ಮ ದೇಶ ಎಂದು ತಿರುಗಿ ಬಂದರು, ಕಾನೂನಿನಲ್ಲಿ ಪರದೇಶದವರಾದರು. ಈ ನೋವಿಗೆ ಉಪಾಯ ಇಲ್ಲ. ಇದನ್ನು ನೋವು ಎಂದು ಒಪ್ಪಿಕೊಳ್ಳಬೇಕು, ಪ್ಲಂಬರ್ ಮೇಲೆ ಹಾಕಬಾರದು ಎಂದಷ್ಟೇ ಹೇಳಿದೆ.

ಸಲಹೆಗಳಲ್ಲಿ ಮೊದಲನೆಯದು, ಎರಡನೇ ಮಳೆಗಾಲ ಮುಗಿಯುವವರೆಗೆ ಯಾವ ಮನೆಯನ್ನೂ ಮಾರಬೇಡಿ. ಸಿಟ್ಟಿನಲ್ಲಿ ಫ್ಲ್ಯಾಟ್ ಮಾರುವುದು ಬೇಡ, ಆಮೇಲೆ ಪ್ರೀತಿ ಬಂದು ಇಂಗ್ಲೆಂಡಿನ ಮನೆ ಮಾರುವುದೂ ಬೇಡ.

ಎರಡನೆಯದು ಪೌಂಡಿನ ಕಾಲಂ. ತಿಂಗಳ ಖರ್ಚು ರೂಪಾಯಿಯಲ್ಲೇ ಬರೆಯಿರಿ, ಪೌಂಡನ್ನು ವರ್ಷಕ್ಕೊಮ್ಮೆ ಸಿಎ ಮುಂದೆ ಕೂತಾಗ ತೆಗೆಯಿರಿ ಎಂದೆ. ಅಲ್ಲಿ ನಿಜವಾಗಿ ನೋಡಬೇಕಾದ ಲೆಕ್ಕ ಬೇರೆಯೇ ಇದೆ. ಬ್ರಿಟನ್ನಿನ ಸ್ಟೇಟ್ ಪೆನ್ಷನ್, ಅಂದರೆ ಸರ್ಕಾರ ಕೊಡುವ ಪಿಂಚಣಿ, ಅಲ್ಲಿರುವವರಿಗೆ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ, ಭಾರತದಲ್ಲಿ ನೆಲೆಸಿದವರಿಗೆ ಏರುವುದಿಲ್ಲ. ಪೂರ್ತಿ ಹೊಸ ಪೆನ್ಷನ್ 2023ರಲ್ಲಿ ವಾರಕ್ಕೆ 203.85 ಪೌಂಡ್ ಇತ್ತು, 2025ರಲ್ಲಿ 230.25 ಆಯಿತು. 2023ರಲ್ಲಿ ಪೆನ್ಷನ್ ಜೊತೆ ಇಲ್ಲಿಗೆ ಬಂದವರಿಗೆ ಹಳೆಯ ಮೊತ್ತವೇ. ಇಲ್ಲಿಯ ಬೆಲೆ ಮಾತ್ರ ಏರುತ್ತಿರುತ್ತದೆ. ಕಾಯಂ ಆಗಿ ದೇಶ ಬಿಟ್ಟವರಿಗೆ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಪೂರ್ತಿ ಉಚಿತ ಚಿಕಿತ್ಸೆಯೂ ಸಿಗುವುದಿಲ್ಲ, ಮತ್ತೆ ಹೋಗಿ ನೆಲೆಸಿದರೆ ಸಿಗುತ್ತದೆ. ಆದ್ದರಿಂದ ಇಲ್ಲಿ ಆರೋಗ್ಯ ವಿಮೆ ತಡಮಾಡದೆ ಮಾಡಿಸಲೇಬೇಕು. 65 ದಾಟಿದವರಿಗೆ ವಿಮೆ ಇಲ್ಲ ಎಂಬ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತೆಗೆದಿದೆ. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ. ಕಂತು ಮಾತ್ರ ಜಾಸ್ತಿ ಇರುತ್ತದೆ. ರಾಯರಂಥವರಿಗೆ ಇಂಥ ಲೆಕ್ಕ ಕೈಗೆ ಸಿಕ್ಕರೆ ಅರ್ಧ ಆತಂಕ ಇಳಿಯುತ್ತದೆ, ಇಳಿಯಿತು ಕೂಡ.

ಮೂರನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಗದಗದವನ ಜೊತೆ ಕನ್ನಡದಲ್ಲಿ ಮಾತಾಡಿ. ಹೆಸರು ಕೇಳಿ. ಉಪಕಾರ ಮಾಡಲು ಹೋಗಬೇಡಿ, ಅವನಿಂದ ಏನಾದರೂ ಕೇಳಿ ತಿಳಿದುಕೊಳ್ಳಿ. ವಯಸ್ಸಾದ, ದುಡ್ಡಿರುವ ಗಂಡಸರು ಕೊಡಲು ಮುಂದಾಗುತ್ತಾರೆ, ಪಡೆಯಲು ನಾಚುತ್ತಾರೆ. ಕೊಟ್ಟು ಮಾತ್ರ ಯಾರೂ ನೆರೆಯವರಾಗುವುದಿಲ್ಲ. ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ, ಅಲ್ವಾ? ಆದರೆ ಪಾತ್ರೆ ಮೊದಲು ಒಳಗೆ ಬರಬೇಕು. ಕೊಂಕಣಿಯನ್ನೂ ಹೀಗೇ ಕಲಿಯಿರಿ ಎಂದೆ. ಬೆಳಗ್ಗೆ ಸೈಕಲ್ ಹಾರ್ನ್ ಒತ್ತುತ್ತ ಪಾವ್ ತರುವ ಪೊದೇರ್ ಜೊತೆ ದಿನಾ ಎರಡು ಮಾತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿದರೆ ಅದು ಈ ಊರು ಮಲಗುವ ಹೊತ್ತು. ಆಗ ಫೋನ್ ಮಾಡಿ ಬೈಯಬೇಡಿ, ನೀವೂ ಮಲಗಿ.

ಅಕ್ಕನ ಜೊತೆ ಬೇರೆಯಾಗಿ ಕೂತೆ. ಹೊಂದಿಕೊಂಡವರನ್ನು ಯಾರೂ ವಿಚಾರಿಸುವುದಿಲ್ಲ. ಅವರು ಒಳಗೊಳಗೇ ಕುದಿಯುತ್ತಿದ್ದರು. ಗೋವಾ ಎಂದು ಹೇಳಿದ್ದು ರಾಯರು, ಈಗ ಬೇಡ ಎನ್ನುವುದೂ ರಾಯರೇ. ಭಾನುವಾರ ಮೊಮ್ಮಗಳ ವಿಡಿಯೊ ಕಾಲ್ ಮುಗಿದ ಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದರು. ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಗೊತ್ತಿಲ್ಲ, ಕಾರು ಓಡಿಸುವುದಿಲ್ಲ, ವಿಲ್ ಎಲ್ಲಿದೆ ಗೊತ್ತಿಲ್ಲ. ನಾನು ಇಬ್ಬರನ್ನೂ ಕೂರಿಸಿ ಕೇಳಿದೆ: ಒಬ್ಬರು ಹೋದ ಮೇಲೆ ಇನ್ನೊಬ್ಬರು ಎಲ್ಲಿರುತ್ತೀರಿ? ಹೊರದೇಶಕ್ಕೆ ನಿವೃತ್ತರಾಗಿ ಹೋಗುವ ಪ್ರತಿ ದಂಪತಿಯೂ ಟಿಕೆಟ್ ತೆಗೆಯುವ ಮುಂಚೆ ಇದಕ್ಕೆ ಉತ್ತರ ಹೇಳಬೇಕು. ಅಪಶಕುನ ಎಂದು ಸುಮ್ನೆ ತಳ್ಳಿಬಿಡುತ್ತಾರೆ.

ಒಂದು ವರ್ಷ ಕಳೆದ ಮೇಲೆ ಅವರು ಇನ್ನೂ ಅದೇ ಹಳ್ಳಿಯಲ್ಲಿದ್ದಾರೆ. ರಾಯರು ಗದಗದವನ ಹತ್ತನೇ ಕ್ಲಾಸಿನ ಮಗನಿಗೆ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಅದಕ್ಕೆ ಬದಲಾಗಿ ಅವನ ಅಂಗಡಿಯಲ್ಲಿ ಕೂತು ಹಳೆಯ ಯಂತ್ರ ಬಿಚ್ಚುವ ಅನುಮತಿ ಪಡೆದಿದ್ದಾರೆ. ಸೊಸೈಟಿ ಗುಂಪಿನಲ್ಲಿ ಯಾರೋ ಮತ್ತೆ ಘಾಂಟಿ ಎಂದಾಗ, ನಾನೂ ಅವರಲ್ಲೊಬ್ಬ ಎಂದು ಬರೆದರು. ಇಬ್ಬರು ಅವರ ಜೊತೆ ಮಾತು ಬಿಟ್ಟಿದ್ದಾರೆ. ಕರೆಂಟ್ ಹೋದರೆ ಈಗಲೂ ಕೂಗಾಡುತ್ತಾರೆ, ನಿದ್ದೆ ಮಾತ್ರ ಬರುತ್ತಿದೆ. ಅಕ್ಕ ಬ್ಯಾಂಕ್ ಕೆಲಸ ಕಲಿತಿದ್ದಾರೆ. ಬೇಸಿಗೆಯಲ್ಲಿ ಒಬ್ಬರೇ ಮಗನ ಮನೆಗೆ ಹೋಗಿ ಬಂದರು. ಎರಡೂ ದೇಶದ ಆಸ್ತಿಗೆ ವಿಲ್ ಮಾಡಿಸಿದ್ದಾರೆ. ಒಬ್ಬರೇ ಉಳಿದರೆ ಎಲ್ಲಿ ಎಂಬುದಕ್ಕೆ ಇಬ್ಬರ ಉತ್ತರ ಬೇರೆ ಬೇರೆ. ರಾಯರು ಇಲ್ಲೇ ಎನ್ನುತ್ತಾರೆ, ಅಕ್ಕ ಮೊಮ್ಮಗಳ ಹತ್ತಿರ ಎನ್ನುತ್ತಾರೆ. ಎರಡನ್ನೂ ಬರೆದು ಮಗನಿಗೆ ಕಳಿಸಿದ್ದಾರೆ. ಆದ್ದರಿಂದ ಇಂಗ್ಲೆಂಡಿನ ಮನೆಯನ್ನು ಸದ್ಯಕ್ಕೆ ಮಾರುವುದಿಲ್ಲ.